ಅವಳು ಸ್ಟಾಕ್ ಕ್ಯೂಬ್ ಅನ್ನುತ್ತಾಳೆ

ಭಾನುವಾರ ಮಧ್ಯಾಹ್ನ ನಾನು ಒಲೆಯ ಮುಂದೆ ನಿಂತು ಗ್ರೇವಿ ಕದಡುತ್ತಿದ್ದೆ. ಬೆನ್ನ ಹಿಂದೆ ಮೇಜಿಗೆ ಮೊಣಕೈ ಊರಿ ಪೇಪರ್ ಓದುತ್ತಿದ್ದ ನನ್ನ ಗಂಡ ವಿಲ್ಫ್ ತಲೆ ಎತ್ತದೆ ಕೇಳಿದ:

"ಅಷ್ಟಕ್ಕೆ ಒಂದೇ ಸ್ಟಾಕ್ ಕ್ಯೂಬ್ ಸಾಕಾಗತ್ತಾ?"

ನನ್ನ ಕೈ ನಿಂತಿತು. ಗ್ರೇವಿ ತನ್ನ ಪಾಡಿಗೆ ತಾನು ಕುದಿಯಿತು.

"ಏನಂದೆ?"

"ಏನಿಲ್ಲ. ಸಾಕಾಗತ್ತಾ ಅಂದೆ."

"ಸಾಕಾಗತ್ತೆ," ಅಂದೆ. ಊಟ ಬಡಿಸಿದೆ. ಅವನು ಎಂದಿನಂತೆ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದು, ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ. ನಾನು ಪಾತ್ರೆ ತೊಳೆಯುತ್ತ ಆ ಎರಡು ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದೆ. ಸ್ಟಾಕ್ ಕ್ಯೂಬ್. ಬೇರೆ ಯಾರದೋ ಬಾಚಣಿಗೆ ನನ್ನ ದಿಂಬಿನ ಮೇಲೆ ಸಿಕ್ಕಿದ ಹಾಗಿತ್ತು.

ಉತ್ತರ ಇಂಗ್ಲೆಂಡಿನ ಲ್ಯಾಂಕಶೈರ್‌ನ ನಮ್ಮ ಊರಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಮಾಂಸದ ಸಾರವನ್ನು ಬತ್ತಿಸಿ, ಒತ್ತಿ, ಬೆಳ್ಳಿಕಾಗದದಲ್ಲಿ ಸುತ್ತಿಟ್ಟ ಆ ಕಂದು ಚೌಕಕ್ಕೆ ನಮ್ಮಲ್ಲಿ ಇರುವುದು ಒಂದೇ ಹೆಸರು, ಆಕ್ಸೊ. ಬೇರೆ ಕಂಪನಿಯದು ತಂದರೂ ಅದು ಆಕ್ಸೊ. ಗ್ರೇವಿಗೆ ಹಾಕಿದರೂ ಆಕ್ಸೊ, ಬಿಸಿನೀರಿಗೆ ಹಾಕಿ ಕುಡಿದರೂ ಆಕ್ಸೊ. ಕಲ್ಲಿದ್ದಲಿನ ಗಣಿಯಿಂದ ಅಪ್ಪ ಮುಖವೆಲ್ಲ ಕಪ್ಪಾಗಿ ಬಂದು ಕೂತರೆ ಅಮ್ಮ ಮೊದಲು ಕೊಡುತ್ತಿದ್ದದ್ದು ಅದು. ಜ್ವರ ಬಂದವರಿಗೆ ಅದು, ಫುಟ್‌ಬಾಲ್ ನೋಡಿ ನಡುಗುತ್ತ ಬಂದವರಿಗೆ ಅದು. ಅಮ್ಮ ಸತ್ತ ದಿನ ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಬೇರೇನೂ ಹೇಳಲಿಲ್ಲ, "ಒಂದು ಆಕ್ಸೊ ಮಾಡ್ಲಾ ಚಿನ್ನ?" ಅಂದಳು. ಕೂತುಕೋ, ಕೈ ಬೆಚ್ಚಗೆ ಮಾಡಿಕೋ, ಮಾತು ಆಮೇಲೆ ಅಂತ ಅದರ ಅರ್ಥ. ಸ್ಟಾಕ್ ಕ್ಯೂಬ್ ಮಾಡ್ಲಾ ಅಂತ ಯಾರಾದರೂ ಕೇಳಿದ್ದರೆ ನನಗೆ ಅಳು ಬರುತ್ತಿರಲಿಲ್ಲ, ನಗು ಬರುತ್ತಿತ್ತು.

ನಮ್ಮ ಬೀದಿಯಲ್ಲಿ ಆ ಮಾತು ಆಡುವವಳು ಒಬ್ಬಳೇ. ಕೊನೆಯ ಮನೆಗೆ ಹಿಂದಿನ ಶರತ್ಕಾಲದಲ್ಲಿ ಬಂದ ಮಿಸೆಸ್ ಲಾರಿಮರ್. ಲಂಡನ್ನಿನ ಆಚೆಯ ಯಾವುದೋ ಊರಿನವಳು, ಗಂಡ ತೀರಿಕೊಂಡಿದ್ದಾನೆ. ನಾದಿನಿ ಬಿಟ್ಟುಹೋದ ಮನೆಗೆ ಬಂದು ಬಾಗಿಲಿಗೆ ಹಳದಿ ಬಣ್ಣ ಬಳಿಸಿದಳು. ಮೊದಲ ವಾರವೇ ಗ್ರಿಮ್‌ಶಾನ ಕಿರಾಣಿ ಅಂಗಡಿಯಲ್ಲಿ ಅವಳ ಹಿಂದೆ ನಾನೂ ನನ್ನ ಗೆಳತಿ ಡಾಟ್ ಕೂಡ ಸಾಲಿನಲ್ಲಿದ್ದೆವು.

"ಸ್ಟಾಕ್ ಕ್ಯೂಬ್ ಇದೆಯಾ?" ಅಂತ ಅವಳು ಕೇಳಿದಳು.

ಗ್ರಿಮ್‌ಶಾಗೆ ಅರ್ಥವಾಗಿತ್ತು, ಆದರೂ ಬಿಡಲಿಲ್ಲ. "ಸ್ಟಾಕ್ ಎಲ್ಲಾ ಕಣ್ಣೆದುರಿಗೇ ಇದೆಯಲ್ಲ ಚಿನ್ನ, ನೆಲದಿಂದ ಸೂರಿನ ತನಕ! ಯಾವ ಸ್ಟಾಕು ಬೇಕು, ಬಾಯಿ ಬಿಟ್ಟು ಹೇಳಿ."

"ಆಕ್ಸೊ ಅನ್ನಿ ಮೇಡಂ, ಆಕ್ಸೊ. ಇಲ್ಲಾಂದ್ರೆ ಇವನು ನಿಮಗೆ ಸೋಪು ಕಟ್ಟಿಕೊಡ್ತಾನೆ," ಅಂದಳು ಡಾಟ್.

ಸಾಲೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಅವಳ ಮುಖ ಕೆಂಪಾಗಬೇಕಿತ್ತು. ಆಗಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿ ಅವಳೂ ನಕ್ಕಳು, ಉದ್ದನೆಯ ಕತ್ತು, ಅದರಲ್ಲೊಂದು ಹಸಿರು ಮಣಿಸರ. ನನಗಿಂತ ನಾಲ್ಕೈದು ವರ್ಷ ದೊಡ್ಡವಳೇ ಇರಬೇಕು, ಆದರೆ ಆ ಕತ್ತಿಗೆ ಯಾರೂ ಅದನ್ನು ತಿಳಿಸಿದಂತಿರಲಿಲ್ಲ.

ಮಾತು ಗಾಳಿಯಲ್ಲಿ ಹಾರಿ ಬಂದು ಬಾಯಿಗೆ ಬೀಳುವುದಿಲ್ಲ. ನೆಗಡಿಯ ಹಾಗೆ, ಹತ್ತಿರ ಕೂತವರಿಂದ ಅಂಟುತ್ತದೆ. ಅದೂ ಒಂದು ದಿನ ಕೂತರೆ ಸಾಲದು. ಮೂವತ್ತು ವರ್ಷದ ಮೇಲಾಯಿತು ನಮ್ಮ ಮದುವೆಯಾಗಿ, ವಿಲ್ಫ್ ಬಾಯಲ್ಲಿ ನಾನು ಆಡದ ಮಾತು ಒಂದೂ ಇರಲಿಲ್ಲ. ಸಂಜೆಯ ಊಟಕ್ಕೆ ನಮ್ಮತ್ತೆ 'ಸಪ್ಪರ್' ಅನ್ನುತ್ತಿದ್ದದ್ದನ್ನು ಬಿಟ್ಟು ನನ್ನ ಹಾಗೆ 'ಟೀ' ಅನ್ನಲು ಅವನಿಗೆ ಎರಡು ಚಳಿಗಾಲ ಬೇಕಾಯಿತು. ಹಾಗಾದರೆ ಇವಳಿಗೆ ಎಷ್ಟು ದಿನ ಬೇಕಾಗಿರಬಹುದು?

ಅವತ್ತಿನಿಂದ ನಾನು ನನ್ನ ಗಂಡನನ್ನು ಮೂಸಲು ಶುರುಮಾಡಿದೆ.

ಹೋದ ವರ್ಷ ಹತ್ತಿ ಮಿಲ್ ಮುಚ್ಚಿದ ಮೇಲೆ ವಿಲ್ಫ್ ಹೊತ್ತು ಕಳೆಯುತ್ತಿದ್ದದ್ದು ತೋಟದಲ್ಲಿ. ರೈಲುಹಳಿಯ ಪಕ್ಕ ಕೌನ್ಸಿಲ್‌ನವರು ಊರವರಿಗೆ ತರಕಾರಿ ಬೆಳೆಯಲು ಬಾಡಿಗೆಗೆ ಕೊಟ್ಟ ಜಾಗ, ಅದರಲ್ಲಿ ಅವನದೊಂದು ತುಂಡು. ಅಲ್ಲಿಗೆ ಹೋಗುವ ದಾರಿ ಆ ಹಳದಿ ಬಾಗಿಲಿನ ಹಿತ್ತಲನ್ನು ಮುಟ್ಟಿಕೊಂಡೇ ಹೋಗುತ್ತದೆ. ಬೂಟ್ಸಿಗೆ ಮಣ್ಣು ಮೆತ್ತಿಕೊಂಡು ಬರುತ್ತಿದ್ದ, ಕೈ ಈರುಳ್ಳಿ ನಾರುತ್ತಿತ್ತು. ಈರುಳ್ಳಿ ಬೆಳೆಯುವವನ ಕೈ ಈರುಳ್ಳಿ ನಾರದೆ ಗುಲಾಬಿ ನಾರುತ್ತದೆಯೇ ಅಂತ ನಾನು ಸುಮ್ಮನಿದ್ದೆ. ಈಗ ಅವನು ಬಿಚ್ಚಿ ಎಸೆದ ಸ್ವೆಟರನ್ನು ಮೂಗಿಗೆ ಹಿಡಿದೆ. ಅದು ಹುರಿದ ಈರುಳ್ಳಿ. ಬೆಣ್ಣೆಯಲ್ಲಿ, ನಿಧಾನವಾಗಿ, ಕೆಂಪಗೆ ಹುರಿದದ್ದು. ಅವನ ತೋಟದಲ್ಲಿ ಈರುಳ್ಳಿ ಬೆಳೆಯುತ್ತದೆ, ಹುರಿದುಕೊಂಡು ಬೆಳೆಯುವುದಿಲ್ಲ.

ಸೋಮವಾರ ಹಿಂಬೀದಿಯಲ್ಲಿ ಬಟ್ಟೆ ಒಣಹಾಕುವಾಗ ಡಾಟ್‌ಗೆ ಹೇಳಿದೆ. ಹೇಳಬಾರದು ಅಂದುಕೊಂಡೇ ಹೇಳಿದೆ.

"ಸ್ಟಾಕ್ ಕ್ಯೂಬ್ ಅಂದನಾ?" ಬಾಯಲ್ಲಿದ್ದ ಬಟ್ಟೆಕ್ಲಿಪ್ಪನ್ನು ತೆಗೆದು ಅವಳು ನನ್ನನ್ನೇ ನೋಡಿದಳು. "ಅಷ್ಟೇನಾ?"

"ಅಷ್ಟೇ ಅಂದ್ರೆ?"

"ಅಲ್ಲ ಮ್ಯೂರಿಯೆಲ್, ಶರ್ಟಿಗೆ ಲಿಪ್‌ಸ್ಟಿಕ್ ಹತ್ತಿತ್ತು ಅಂತ ಅಳೋರನ್ನ ಕಂಡಿದ್ದೀನಿ. ಗಂಡನ ಬಾಯಿಗೆ ಸ್ಟಾಕ್ ಕ್ಯೂಬ್ ಹತ್ತಿತ್ತು ಅಂತ ಅಳೋಳು ನೀನೇ ಮೊದಲು ಕಣೇ."

"ನಾನೇನು ಅಳ್ತಾ ಇಲ್ಲ."

"ನಿನ್ನ ವಿಲ್ಫನ್ನ ಯಾರು ಕದೀತಾರೆ ಹೇಳು? ನನಗೆ ಕೈಗೆ ತಂದು ಕೊಟ್ರೂ ಬೇಡ ಅಂತೀನಿ. ಒಂದು ಲೋಟ ಆಕ್ಸೊ ಮಾಡೋಕೆ ಬರಲ್ಲ ಆ ಪ್ರಾಣಿಗೆ. ಎಷ್ಟೋ ವರ್ಷದ ಹಿಂದೆ ನೀನು ಫ್ಲೂ ಬಂದು ಮಲಗಿದಾಗ ಮಾಡಿಕೊಟ್ಟಿದ್ದನಲ್ಲ? ಇಡೀ ಆಕ್ಸೊ ತಳದಲ್ಲಿ ಕಲ್ಲಿನ ಹಾಗೆ ಕೂತಿತ್ತಂತಲ್ಲ!"

ಅವಳು ನಕ್ಕಳು. ಬೀದಿಗೆಲ್ಲ ಗೊತ್ತಿರುವ ಜೋಕು ಅದು, ಪ್ರತಿ ಕ್ರಿಸ್‌ಮಸ್‌ಗೆ ನಾನೇ ಹೇಳುವುದು. ಮೇಲೆ ಬರೀ ನೀರು, ಕೊನೇ ಗುಟುಕಿಗೆ ಒಂದು ಇಟ್ಟಿಗೆ ಅಂತ. ನಾನೂ ನಗಲು ನೋಡಿದೆ. ಹಗ್ಗದ ಮೇಲೆ ಅವನ ಸ್ವೆಟರ್ ಎರಡು ಕೈ ಚಾಚಿ ನೇತಾಡುತ್ತಿತ್ತು, ಸೋಪಿನ ವಾಸನೆಯನ್ನು ಬಿಟ್ಟರೆ ಈಗ ಅದರಲ್ಲಿ ಏನೂ ಇರಲಿಲ್ಲ.

"ಹೋಗಿ ಕೇಳಿಬಿಡೇ," ಅಂದಳು ಡಾಟ್. "ಅವಳನ್ನೇ ಕೇಳು. ಗಂಡಸರನ್ನ ಕೇಳಿದ್ರೆ ಹವಾಮಾನದ ವಿಷಯ ಹೇಳ್ತಾರೆ."

ಅವನು ಅವಳ ಜೊತೆ ಮಲಗುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ಅಂದುಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ನನ್ನನ್ನು ಉರಿಸಿದ್ದು ಆ ಹುರಿದ ಈರುಳ್ಳಿ. ಇನ್ನೊಬ್ಬಳ ಮೇಜಿನ ಮುಂದೆ ಅವನು ಕೂತಿದ್ದಾನೆ, ಅವಳು ಬಡಿಸಿದ್ದನ್ನು ಬ್ರೆಡ್ಡಿನಿಂದ ಒರೆಸಿ ತಿಂದಿದ್ದಾನೆ, ಆಮೇಲೆ ಮನೆಗೆ ಬಂದು ನನ್ನದನ್ನೂ ಒರೆಸಿ ತಿಂದಿದ್ದಾನೆ. ಎರಡು ತಟ್ಟೆಯನ್ನೂ ಒಂದೇ ಥರ ಒರೆಸಿದ್ದಾನೆ. ನನಗೆ ಓದು ಇಲ್ಲ, ಕತ್ತು ಗಿಡ್ಡ. ಮನೆಯಿಂದ ಹಸಿದು ಹೋಗಲು ಯಾರನ್ನೂ ಬಿಟ್ಟವಳಲ್ಲ. ನನ್ನದು ಅಂತ ಇದ್ದದ್ದು ಆ ಒಲೆ. ಅವನ ಹೊಟ್ಟೆಯ ಕೀಲಿ ನನ್ನ ಏಪ್ರನ್ ಜೇಬಿನಲ್ಲೇ ಇದೆ ಅಂತ ನಂಬಿಕೊಂಡಿದ್ದೆ.

ಶುಕ್ರವಾರ ಅವನು ತೋಟಕ್ಕೆ ಅಂತ ಹೊರಟ ಮೇಲೆ ನಾನು ಗ್ರಿಮ್‌ಶಾನ ಅಂಗಡಿಗೆ ಹೋಗಿ ಒಂದು ಕೆಂಪು ಡಬ್ಬಿ ಆಕ್ಸೊ ತಂದೆ. ಒಳ್ಳೆಯ ಕೋಟು ಹಾಕಿಕೊಂಡೆ. 'ನಿಮಗೆ ಇದರ ಹೆಸರು ಗೊತ್ತಾಗದೆ ತೊಂದರೆ ಆಗ್ತಿದೆಯಂತೆ, ತಗೊಳ್ಳಿ' ಅಂತ ಅವಳ ಕೈಗಿಡುವುದು, ಆಮೇಲೆ ಅವಳ ಹೆಗಲ ಮೇಲಿಂದ ಒಳಗೆ ನೋಡುವುದು, ಇಷ್ಟೇ ನಾನು ಯೋಚಿಸಿದ್ದು. ದಾರಿಯುದ್ದಕ್ಕೂ ಆ ಮಾತನ್ನು ಸಣ್ಣ ದನಿಯಲ್ಲಿ, ಚುಚ್ಚುವ ಹಾಗೆ, ಅಭ್ಯಾಸ ಮಾಡಿದೆ.

ಹಿಂಬಾಗಿಲಿಗೆ ಹೋದೆ. ನಮ್ಮಲ್ಲಿ ಮುಂಬಾಗಿಲು ಡಾಕ್ಟರಿಗೆ ಮತ್ತು ಹೆಣಕ್ಕೆ. ಹಿತ್ತಲಿನ ಕಲ್ಲಿನ ಮೇಲೆ ವಿಲ್ಫನ ಬೂಟ್ಸ್ ಇದ್ದವು, ಮಣ್ಣು ಕೆರೆದು, ಜೋಡಿಸಿ ಇಟ್ಟದ್ದು. ನನ್ನ ಮನೆಯಲ್ಲಿ ಅವು ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಬಿದ್ದಿರುತ್ತವೆ.

ಬಾಗಿಲು ತೆರೆದವಳು ಅವಳೇ. ಒಂದು ಕ್ಷಣ ಗಲಿಬಿಲಿಯಾಯಿತು ಅವಳಿಗೆ, ಆಮೇಲೆ ಪಕ್ಕಕ್ಕೆ ಸರಿದಳು.

"ಮಿಸೆಸ್ ಹೇವರ್ತ್! ಬನ್ನಿ ಒಳಗೆ. ಕೈ ಎಷ್ಟು ಕೆಂಪಾಗಿದೆ ನೋಡಿ ಚಳಿಗೆ. ಒಂದು ಆಕ್ಸೊ ಮಾಡ್ಲಾ?"

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಇನ್ನು ಕೆಲಸಕ್ಕೆ ಬರುವಂತಿರಲಿಲ್ಲ. ಅವಳು 'ಆಕ್ಸೊ' ಅಂದದ್ದು ಅಂಗಡಿಯಲ್ಲಿ ಡಾಟ್ ಹೇಳಿಕೊಟ್ಟ ಹಾಗಲ್ಲ. ವಿಲ್ಫ್ ಅನ್ನುವ ಹಾಗೆ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು, ಕೇಳಿಸಿಕೊಂಡವನು ಆಗಲೇ ಬಂದು ಕುಳಿತಾಯಿತು ಅನ್ನುವ ಹಾಗೆ. ಅವನ ಬಾಯಿಗೆ ಅವಳ ಮಾತು ಬಂದಿತ್ತು. ಅವಳ ಬಾಯಿಗೆ ನಮ್ಮದು ಹೋಗಿತ್ತು. ಅದಲುಬದಲು ಆಗಿತ್ತು.

ಅವಳ ಹೆಗಲ ಮೇಲಿಂದ ನೋಡಿದೆ. ವಿಲ್ಫ್ ಒಲೆಯ ಮುಂದೆ ನಿಂತಿದ್ದ. ಕಾಲುಚೀಲದಲ್ಲಿ. ನೀಲಿ ಗೀಟಿನ ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಮರದ ಸೌಟು. ನನ್ನ ಗಂಡನನ್ನು ನಾನು ಬಟ್ಟೆಯಿಲ್ಲದೆ ನೋಡಿದ್ದೇನೆ, ಕುಡಿದು ಚರಂಡಿ ಪಕ್ಕ ಕೂತದ್ದನ್ನು ನೋಡಿದ್ದೇನೆ. ಏಪ್ರನ್‌ನಲ್ಲಿ ನೋಡಿರಲಿಲ್ಲ. ಕಣ್ಣು ಬೇರೆ ಕಡೆ ತಿರುಗಿಸಬೇಕು ಅನ್ನಿಸಿತು.

"ಮ್ಯೂರಿಯೆಲ್," ಅಂದ ಅವನು. ಆಮೇಲೆ, "ಮಳೆ ಬರೋ ಹಾಗಿದೆಯಾ ಹೊರಗೆ?"

ಡಾಟ್ ಹೇಳಿದ್ದು ಸರಿ.

"ಏನು ಮಾಡ್ತಿದ್ದೀಯ?"

"ಸೂಪು. ಈರುಳ್ಳೀದು."

"ಅದು ಕಾಣತ್ತೆ. ಇಲ್ಲಿ ಏನು ಮಾಡ್ತಿದ್ದೀಯ?"

ಮಿಸೆಸ್ ಲಾರಿಮರ್ ಕುರ್ಚಿ ಎಳೆದಳು. ನಾನು ಕೂರಲಿಲ್ಲ. "ತಪ್ಪು ನಂದೇ ಅಂದ್ಕೊಳ್ಳಿ," ಅಂದಳು. "ಜನವರಿಯಲ್ಲಿ ಇವರು ಬೇಲಿ ಪಕ್ಕ ಹಿಮದಲ್ಲಿ ನಿಂತಿದ್ರು. ಕರೆದು ಒಂದು ಬಟ್ಟಲು ಸೂಪು ಕೊಟ್ಟೆ. ಹೇಗೆ ಮಾಡಿದ್ರಿ ಅಂತ ಕೇಳಿದ್ರು. ನಾನು ಹೇಳೋಕೆ ಹೋದೆ, ಇವರು ಕೈ ತೊಳೆದುಕೊಂಡು ಬಂದೇಬಿಟ್ರು. ನಿಮಗೆ ಹೇಳಿರ್ತಾರೆ ಅಂತಲೇ ನಾನು ತಿಳಿದಿದ್ದೆ."

"ಹೇಳಿಲ್ಲ," ಅಂದೆ.

"ಹೇಳೋನಿದ್ದೆ," ಅಂದ ವಿಲ್ಫ್. "ಒಂದು ಭಾನುವಾರ ನಾನೇ ಮಾಡಿ ಇಡೋಣ ಅಂತಿದ್ದೆ. ಸರಿಯಾಗಿ ಬರಲಿ ಅಂತ ಕಾಯ್ತಿದ್ದೆ."

"ನಮ್ಮನೇಲಿ ಒಲೆ ಇಲ್ವಾ? ಕಲೀಬೇಕು ಅಂತಿದ್ರೆ ನನ್ನನ್ನ ಕೇಳೋಕೆ ಏನಾಗಿತ್ತು ನಿನಗೆ?"

ಅವನು ಸೌಟಿನಿಂದ ಪಾತ್ರೆಯ ಅಂಚು ಕೆರೆದ.

"ನಿನ್ನ ಅಡುಗೆಮನೇಲಿ ನಾನು ಎಲ್ಲಿ ನಿಂತ್ರೂ ನಿನಗೆ ಅದೇ ಜಾಗ ಬೇಕಾಗತ್ತೆ ಕಣೇ. ಡ್ರಾಯರ್ ಮುಂದೆ ನಿಂತ್ರೆ ಡ್ರಾಯರ್ ಬೇಕು, ಕಿಟಕಿ ಹತ್ರ ನಿಂತ್ರೆ ಬೆಳಕು ಬೇಕು. ಮಿಲ್ ಇದ್ದಾಗ ಪರವಾಗಿರಲಿಲ್ಲ. ಈಗ ದಿನವಿಡೀ ಗುಡಿಸ್ಬೇಕು ಕಾಲು ಎತ್ತು, ಒರೆಸ್ಬೇಕು ಕಾಲು ಎತ್ತು. ಎತ್ತಿಕೊಂಡೇ ಕೂತಿದ್ದೀನಿ ಒಂದು ವರ್ಷದಿಂದ."

"ಗಲೀಜು ಮಾಡ್ತೀಯ ನೀನು."

"ಮಾಡ್ತೀನಿ. ಇಲ್ಲೂ ಮಾಡ್ದೆ. ಒರೆಸಿದೆ."

ಮಿಸೆಸ್ ಲಾರಿಮರ್ ನಗು ತಡೆದುಕೊಂಡದ್ದು ನನಗೆ ಕಂಡಿತು. ಆ ನಗುವಿನಲ್ಲಿ ಅವಳಿಗೆ ಪಾಲಿತ್ತು. ಅವನು ಇಲ್ಲಿ ಏನೇನು ಚೆಲ್ಲಿದ್ದಾನೆ, ಹೇಗೆ ಒರೆಸಿದ್ದಾನೆ ಅನ್ನುವುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅದು ನನಗೆ ಆ ಏಪ್ರನ್‌ಗಿಂತ ಹೆಚ್ಚು ಚುಚ್ಚಿತು.

ವಾತಾವರಣ ತಿಳಿಮಾಡಲು ಇರಬೇಕು, ಅವಳು ಅಂದಳು: "ನಾನೂ ಇವರಿಂದ ಕಲಿತೆ. ನಾನು ಇಷ್ಟು ವರ್ಷ ಕಾಗದ ಬಿಚ್ಚಿ ಚಾಕುವಿನಲ್ಲಿ ಕೆರೀತಿದ್ದೆ. ಉಗುರಿನ ಸಂದಿಗೆಲ್ಲ ಹೋಗೋದು. ಇವರು ನೋಡಿ, ಬಿಚ್ಚೋಕೆ ಮೊದಲೇ ಪೊಟ್ಟಣದೊಳಗೇ ಹಿಸುಕಿ ಪುಡಿ ಮಾಡ್ತಾರೆ. ಮೂಲೆ ಹರಿದು ಸುರಿದರೆ ಮರಳಿನ ಹಾಗೆ ಬೀಳತ್ತೆ. ಒಂದು ಗಂಟು ಇಲ್ಲ. ಯಾರು ಹೇಳಿಕೊಟ್ರು ಅಂದೆ. 'ಯಾರೂ ಹೇಳಿಕೊಟ್ಟಿಲ್ಲ, ನಮ್ಮ ಮ್ಯೂರಿಯೆಲ್ ಹೀಗೆ ಮಾಡ್ತಾಳೆ' ಅಂದ್ರು."

ವಿಲ್ಫನ ಕಿವಿ ಕೆಂಪಾಯಿತು.

ಹೌದು, ನಾನು ಹಾಗೆ ಮಾಡುತ್ತೇನೆ. ಹೆಬ್ಬೆರಳಲ್ಲಿ ಒತ್ತಿ, ಪೊಟ್ಟಣವನ್ನು ಒಮ್ಮೆ ತಿರುಗಿಸಿ, ಮತ್ತೆ ಒತ್ತಿ. ಅವನ ಕಡೆ ಬೆನ್ನು ಹಾಕಿ ಮಾಡುತ್ತೇನೆ. ಬೆನ್ನ ಹಿಂದೆ ಅವನು ಕುದುರೆ ರೇಸಿನ ಪುಟ ಓದುತ್ತಿರುತ್ತಾನೆ ಅಂತ ತಿಳಿದಿದ್ದೆ. ಇಷ್ಟು ವರ್ಷ ಅವನು ನನ್ನ ಮೊಣಕೈಯ ಸಂದಿಯಿಂದ ನನ್ನ ಬೆರಳುಗಳನ್ನು ನೋಡಿದ್ದಾನೆ. ನೋಡಿ ಕಲಿತಿದ್ದಾನೆ. ಕಲಿತದ್ದನ್ನು ತಂದು ಇವಳಿಗೆ ಕೊಟ್ಟಿದ್ದಾನೆ.

ಇನ್ನೊಬ್ಬ ಹೆಂಗಸಾದರೆ ಆ ಮಾತಿಗೆ ತಣ್ಣಗಾಗುತ್ತಿದ್ದಳೇನೋ. ನನ್ನೊಳಗೂ ಒಂದು ಮೂಲೆ ಬೆಚ್ಚಗಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಉಳಿದ ಮನಸ್ಸು ಮೊದಲಿಗಿಂತ ಹೆಚ್ಚು ಉರಿಯಿತು. ಅವಳು ಅವನಿಗೆ ಬರೀ ಸೂಪು ಕೊಟ್ಟಿದ್ದಾಳೆ, ಅದು ಯಾವ ಮನೆಯಲ್ಲೂ ಸಿಗುತ್ತದೆ. ಅವನು ಅವಳಿಗೆ ಕೊಟ್ಟದ್ದು ನನ್ನ ಕೈಯನ್ನು. ನನ್ನನ್ನು ಒಂದು ಮಾತು ಕೇಳದೆ.

"ರುಚಿ ನೋಡ್ತೀಯಾ?" ಅಂದ ವಿಲ್ಫ್.

ಸೌಟಿನ ಕೆಳಗೆ ಅಂಗೈ ಹಿಡಿದು ಅದನ್ನು ನನ್ನ ಬಾಯಿಯ ಹತ್ತಿರ ತಂದ. ಚೆಲ್ಲಬಾರದು ಅಂತ ಅಂಗೈ ಹಿಡಿಯುವುದೂ ನನ್ನದೇ ಅಭ್ಯಾಸ. ಕುಡಿದೆ. ಈರುಳ್ಳಿ ಬೆಣ್ಣೆಯಂತೆ ಕರಗಿತ್ತು, ನಾನು ಅಷ್ಟು ತಾಳ್ಮೆಯಿಂದ ಎಂದೂ ಹುರಿದವಳಲ್ಲ. ಇಬ್ಬರೂ ನನ್ನ ಮುಖ ನೋಡುತ್ತ ನಿಂತಿದ್ದರು, ಒಬ್ಬರ ಪಕ್ಕ ಒಬ್ಬರು, ಪರೀಕ್ಷೆ ಬರೆದ ಮಕ್ಕಳ ಹಾಗೆ.

"ಉಪ್ಪು ಜಾಸ್ತಿ," ಅಂದೆ. "ಎರಡು ಹಾಕಿದ್ದೀಯ. ಒಂದು ಸಾಕಿತ್ತು."

"ನಾನು ಹೇಳ್ದೆ ಅಲ್ವಾ," ಅಂದ ಅವನು ಅವಳ ಕಡೆ ತಿರುಗಿ, "ಮ್ಯೂರಿಯೆಲ್ ಒಂದೇ ಹಾಕೋದು ಅಂತ?"

"ಹೇಳಿದ್ರಿ," ಅಂದಳು ಅವಳು.

ಭಾನುವಾರ ಅವನು 'ಒಂದೇ ಸಾಕಾಗತ್ತಾ' ಅಂತ ಕೇಳಿದ್ದು ಏಕೆಂದು ಆಗ ಗೊತ್ತಾಯಿತು. ಇಲ್ಲಿ ವಾದ ನಡೆದಿತ್ತು. ನನ್ನ ಗ್ರೇವಿಯ ಮೇಲೆ, ನಾನಿಲ್ಲದಾಗ.

ಕೆಂಪು ಡಬ್ಬಿಯನ್ನು ಅವಳಿಗೆ ಕೊಡಲಿಲ್ಲ. ಅದು ಕೋಟಿನ ಜೇಬಿನಲ್ಲೇ ಉಳಿಯಿತು. ಬಾಗಿಲಿನ ತನಕ ಬಂದು ಅವಳು ಮೆಲ್ಲಗೆ, "ನಿಮ್ಮ ಮನಸ್ಸಿಗೆ ನೋವಾಗಿದ್ರೆ..." ಅಂದಳು.

"ನೋವೇನಿಲ್ಲ," ಅಂದೆ. "ಆಕ್ಸೊ ಅನ್ನೋದನ್ನ ಚೆನ್ನಾಗಿ ಕಲಿತಿದ್ದೀರಿ."

ಅವಳ ಉದ್ದ ಕತ್ತು ಅವತ್ತು ಮೊದಲ ಸಲ ಕೆಂಪಾಯಿತು. ಅಷ್ಟಾದರೂ ಸಿಕ್ಕಿತು ನನಗೆ.

ಮನೆಗೆ ವಿಲ್ಫ್ ನನ್ನ ಹಿಂದೆ ಹಿಂದೆ ಬಂದ, ಬೂಟ್ಸಿನ ದಾರ ಕಟ್ಟಿಕೊಳ್ಳದೆ. ಶನಿವಾರ ನಾನು ಕಾಲು ಎತ್ತು ಅನ್ನುವ ಮೊದಲೇ ಅವನು ಎತ್ತುತ್ತಿದ್ದ. ಅದನ್ನು ನೋಡಿ ನನಗೆ ಪೊರಕೆ ಎಸೆದುಬಿಡಬೇಕು ಅನ್ನಿಸುತ್ತಿತ್ತು. ಇನ್ನು ಅಲ್ಲಿಗೆ ಹೋಗಬೇಡ ಅಂತ ನಾನು ಒಂದು ಮಾತು ಅಂದಿದ್ದರೆ ಅವನು ಹೋಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಹೋಗದೆ ಏನು ಮಾಡುತ್ತಿದ್ದ ಅನ್ನುವುದೂ ಗೊತ್ತಿತ್ತು. ಆ ಕುರ್ಚಿಯಲ್ಲಿ ಕಾಲು ಎತ್ತಿಕೊಂಡು ಕೂತು, ಆ ಅಡುಗೆಮನೆಯನ್ನು ನೆನೆಸಿಕೊಳ್ಳುತ್ತಿದ್ದ. ಅಲ್ಲಿ ನಿಂತು ಈರುಳ್ಳಿ ಹುರಿಯುವುದಕ್ಕಿಂತ ಅದು ನನಗೆ ಕೆಟ್ಟದ್ದು.

ಭಾನುವಾರ ಮಾಂಸವನ್ನು ಒಲೆಯಿಂದ ತೆಗೆದು ತಟ್ಟೆಗಿಟ್ಟೆ. ಅದರ ರಸ ಬಾಣಲೆಯಲ್ಲಿ ಚಟಪಟ ಅನ್ನುತ್ತಿತ್ತು. ಹಿಟ್ಟು ಹಾಕಿದೆ, ಆಲೂಗಡ್ಡೆ ಬೇಯಿಸಿದ ನೀರು ಹಾಕಿದೆ. ಕೋಟಿನ ಜೇಬಿನಿಂದ ಕೆಂಪು ಡಬ್ಬಿ ತಂದು, ಒಲೆಯ ಪಕ್ಕದಲ್ಲಿ ಇಡುವ ಬದಲು ಮೇಜಿನ ಮೇಲೆ, ಅವನ ಪೇಪರಿನ ಮೇಲೇ ಇಟ್ಟೆ.

ಅವನು ಡಬ್ಬಿ ನೋಡಿದ, ನನ್ನನ್ನು ನೋಡಿದ. ಎದ್ದ. ಅಂಗಿಯ ತೋಳು ಮಡಿಸಿ ನಲ್ಲಿಯಲ್ಲಿ ಕೈ ತೊಳೆದುಕೊಂಡ. ನಾನು ಒಲೆಯ ಮುಂದಿನಿಂದ ಸರಿದೆ. ಪೂರ್ತಿ ಅಲ್ಲ, ಒಬ್ಬ ಮನುಷ್ಯ ಮೈ ಓರೆ ಮಾಡಿಕೊಂಡು ನಿಲ್ಲುವಷ್ಟು.

ಒಂದು ಪೊಟ್ಟಣ ತೆಗೆದು ಹೆಬ್ಬೆರಳಲ್ಲಿ ಒತ್ತಿದ. ತಿರುಗಿಸಿದ. ಮತ್ತೆ ಒತ್ತಿದ. ನನ್ನ ಬೆರಳುಗಳನ್ನು ಅವನ ಕೈಯಲ್ಲಿ ನೋಡುತ್ತ ನಿಂತೆ. ಮೂಲೆ ಹರಿದು ಸುರಿದ, ಮರಳಿನ ಹಾಗೇ ಬಿತ್ತು.

"ಮ್ಯೂರಿಯೆಲ್," ಅಂದ, "ಇನ್ನೊಂದು..."

ನಿಲ್ಲಿಸಿದ. ಬಾಯಿಗೆ ಬಂದ ಮಾತನ್ನು ಒಳಗೆ ತಳ್ಳಿ, ಇನ್ನೊಂದನ್ನು ಹುಡುಕಿದ್ದು ನನಗೆ ಕಾಣಿಸಿತು.

"ಇನ್ನೊಂದು ಆಕ್ಸೊ ಹಾಕ್ಲಾ?"

ಸರಿಯಾಗಿಯೇ ಅಂದ, ಕೊನೆಯ ಅಕ್ಷರ ಎಳೆದು. ಆದರೆ ಅನ್ನುವ ಮೊದಲು ಅವನು ತಡೆದಷ್ಟು ಹೊತ್ತು, ಹಸಿರು ಮಣಿಸರದವಳು ನಮ್ಮಿಬ್ಬರ ನಡುವೆ ಒಲೆಯ ಮುಂದೆ ಬಂದು ನಿಂತಿದ್ದಳು. ಅವಳಿಗೂ ಜಾಗ ಇತ್ತು ಅಲ್ಲಿ.

"ಬೇಡ," ಅಂದೆ. "ನಮ್ಮನೇಲಿ ಒಂದೇ."

ಅವನು ತಲೆಯಾಡಿಸಿ ಕದಡತೊಡಗಿದ. ಅವನ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು, ನನಗೆ ಡ್ರಾಯರ್ ಬೇಕಾಗಿತ್ತು, ಅವನು ಸರಿಯಾಗಿ ಅದರ ಮುಂದೆಯೇ ನಿಂತಿದ್ದ. ಚಮಚ ಬೇಕಿತ್ತು. ಪಕ್ಕಕ್ಕೆ ಸರಿ ಅಂತ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡು, ಅವನು ಕದಡಿ ಮುಗಿಸಿ ಕೈಯಲ್ಲಿದ್ದ ಚಮಚ ನನಗೆ ಕೊಡುವ ತನಕ ಕಾದೆ.